ಮೂರು ಚುಕ್ಕೆ

ರೇ ಪಟ್ಟಣದ ಖಬರಸ್ತಾನದ ಬೀದಿಯಲ್ಲಿ
ಎಡಗಡೆ ನಾಲ್ಕನೆಯದು ನಮ್ಮ ಅಂಗಡಿ.
ಸತ್ತವರ ಹೆಸರು ಕೆತ್ತುತ್ತೇವೆ,
ಬದುಕಿರುವವರು ಚೌಕಾಸಿ ಮಾಡುತ್ತಾರೆ.

ನಮ್ಮ ಲಿಪಿಯಲ್ಲಿ ಅಕ್ಷರಕ್ಕೆ ಮೈ ಒಂದೇ,
ಪ್ರಾಣವಿರುವುದು ಚುಕ್ಕೆಯಲ್ಲಿ.
ಕೆಳಗೆ ಒಂದಿಟ್ಟರೆ ಬದ್ರ್, ಅಂದರೆ ಹುಣ್ಣಿಮೆ.
ಮೂರಿಟ್ಟರೆ ಪೆದರ್, ಅಂದರೆ ಅಪ್ಪ.
ಇಷ್ಟು ತಿಳಿದಿದ್ದರೆ ಸಾಕು, ಮುಂದಿನದು ಕೇಳಿ.

ಹುಡುಗ ಬಹ್ಮನ್‌ಯಾರ್, ಹತ್ತೊಂಬತ್ತು ತುಂಬಿತ್ತು.
ಅವನು ಉಳಿ ಹಿಡಿದರೆ ಕಲ್ಲು ಬೆಣ್ಣೆ.
ಆ ಚಳಿಗಾಲ ಬದ್ರೊಜ್ಜಮಾನ್ ಖಾನುಮ್ ತೀರಿಕೊಂಡರು,
ಕಾಲದ ಹುಣ್ಣಿಮೆ ಎಂದು ಹೆತ್ತವರು ಇಟ್ಟ ಹೆಸರು.
ನಾನು ಸೀಸದ ಕಡ್ಡಿಯಲ್ಲಿ ಬರೆದುಕೊಟ್ಟೆ, ಅವನು ಕೆತ್ತಿದ.
ನಾಲ್ಕು ಗಂಡುಮಕ್ಕಳು ಕಲ್ಲಿನ ಮುಂದೆ ನಿಂತು ಓದಿದರು:
ಕಾಲದ ಅಪ್ಪ.

ಕಿರಿಯವನು ನಕ್ಕ. ಹಿರಿಯವನು ನನ್ನ ಕಾಲರು ಹಿಡಿದ.
ನಾನು ಹುಡುಗನ ಕೆನ್ನೆಗೆ ಬಾರಿಸಿದೆ,
ಒಂದು ಚುಕ್ಕೆ ಮೂರಾಗುವುದು ಹೇಗೋ?
ನೀವೇ ಮೂರು ಬರೆದಿದ್ದಿರಿ, ಉಸ್ತಾದ್, ಅಂದ.
ಸುಳ್ಳು ಹೇಳುವವನ ದನಿಯಲ್ಲ ಅದು.
ರಾತ್ರಿ ಹೊರಗೆ ಕರೆದು ಕೇಳಿದೆ, ಚಂದ್ರ ಎಷ್ಟು?
ಎಡಗಣ್ಣು ಮುಚ್ಚಿ ಅಂದ: ಎರಡು. ಬಾಲವಿದೆ.
ಬಲಗಣ್ಣು ಮುಚ್ಚಿ:
ತಾಳಿ, ಎಣಿಸಬೇಕು.

ಟೆಹ್ರಾನಿನ ಕಣ್ಣಾಸ್ಪತ್ರೆಯಲ್ಲಿ ಗದ್ದ ಒರಗಿಸಿ ಕೂರಿಸಿದರು.
ಬಳೆ ಬಳೆಯಾಗಿ ಬೆಳಕು ಅವನ ಕಣ್ಣಿಗೆ ಬಿತ್ತು.
ಡಾಕ್ಟರ್ ಅಫ್ಸರಿ ಪರದೆ ತಿರುಗಿಸಿ ತೋರಿಸಿದರು,
ಅಂಚಿಗೆ ನೀಲಿ, ಒಳಗೆ ಹಸಿರು, ಹಳದಿ,
ಕೆಳಗೊಂದು ಕೆಂಪು ಕಲೆ.
ಕೆರಟೋಕೋನಸ್, ಎಂದರು. ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬಿದೆ,
ಗುಂಡಗಿರಬೇಕಾದ ಗಾಜು ಶಂಕುವಾಗಿದೆ.
ನಾನು ಕಿಟಕಿಯಾಚೆ ನೋಡಿದೆ.
ಹೊಗೆ ಸರಿದ ದಿನ. ದಮಾವಂದ್ ಕಾಣುತ್ತಿತ್ತು,
ಹಿಮ ಹೊತ್ತು, ಒಂಟಿಯಾಗಿ, ಚೂಪಾಗಿ.
ಅಷ್ಟು ಚೆಂದದ ಆಕಾರ, ಕಣ್ಣಲ್ಲಿ ಎದ್ದರೆ ಮಾತ್ರ
ಕಷ್ಟ.

ಕಣ್ಣು ಉಜ್ಜುತ್ತೀಯಾ? ಕೇಳಿದರು ಡಾಕ್ಟರ್.
ಹುಡುಗ ನನ್ನ ಕಡೆ ನೋಡಲಿಲ್ಲ. ಅದು ಅವನ ದೊಡ್ಡತನ.
ಕಲ್ಲಿನ ಧೂಳು ಹೊಕ್ಕಾಗಲೆಲ್ಲ ಹೇಳಿದವನು ನಾನು,
ನನ್ನ ಉಸ್ತಾದ್ ನನಗೆ ಹೇಳಿದ ಹಾಗೆ:
ಗೆಣ್ಣಿನಿಂದ ಚೆನ್ನಾಗಿ ಉಜ್ಜು, ನೀರು ಬರಲಿ.
ಅದೊಂದೇ ಕಾರಣವಲ್ಲ, ಎಂದರು ಆಕೆ,
ರಕ್ತದಲ್ಲೇ ಬಂದಿರಬಹುದು. ಆದರೆ ಉಜ್ಜಿದಷ್ಟೂ ಬೆಳೆಯುತ್ತದೆ.
ಆ 'ಆದರೆ' ಬಸ್ಸಿನಲ್ಲಿ ನನ್ನ ಪಕ್ಕವೇ ಕೂತು
ಮನೆತನಕ ಬಂತು.

ಮೊದಲು ನಿಲ್ಲಿಸೋಣ, ನೋಟದ ಮಾತು ಆಮೇಲೆ, ಅಂದಿದ್ದರು.
ಹಳದಿ ಹನಿ ಬಿಟ್ಟರು, ವಿಟಮಿನ್ ಅಂತೆ,
ಬಿಟ್ಟು ಬಿಟ್ಟು, ಅರ್ಧ ತಾಸು.
ಅದರ ಮೇಲೆ ನೇರಳೆ ಬೆಳಕು.
ಒಳಗಿನ ಎಳೆಗೂ ಎಳೆಗೂ ಗಂಟು ಬೀಳುತ್ತದಂತೆ.
ಬಿರುಕಿನ ಕಲ್ಲಿಗೆ ನಾವು ರಾಳ ಕುಡಿಸುತ್ತೇವೆ,
ಬಿರುಕು ಹೋಗುವುದಿಲ್ಲ,
ಮುಂದೆ ಓಡುವುದೂ ಇಲ್ಲ.
ಇದಿಷ್ಟು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಮೂರು ದಿನ ಕಣ್ಣಿಗೆ ಮರಳು ಸುರಿದ ಹಾಗೆ ನರಳಿದ.
ಅವನಮ್ಮ ಎರಡೂ ಕೈಗೆ ಉಣ್ಣೆಯ ಗವಸು ಕಟ್ಟಿ ಮಲಗಿಸಿದಳು.
ನಿದ್ದೆಗೆ ಬುದ್ಧಿ ಎಲ್ಲಿ?

ವಸಂತಕ್ಕೆ ಲೆನ್ಸು ಬಂತು, ಗಟ್ಟಿ, ಪುಟ್ಟ ಬಟ್ಟಲಿನಂಥದು.
ಉಪ್ಪುನೀರು ತುಂಬಿಸಿ, ಮುಖ ನೆಲಕ್ಕೆ ಬಾಗಿಸಿ,
ಕೆಳಗಿನಿಂದ ಮೇಲಕ್ಕೆ ಕೂರಿಸಬೇಕು.
ನಮಾಜಿಗೆ ಸಹ ಅಷ್ಟು ಬಾಗಿದವನಲ್ಲ.
ಹನ್ನೆರಡು ಸಲ ನೀರು ಚೆಲ್ಲಿತು.
ಹದಿಮೂರನೆಯದಕ್ಕೆ ಕೆಟ್ಟ ಮಾತೊಂದು ಬೈದ,
ಕೂತಿತು.

ಹೊಸ ಕಲ್ಲು ನಾನೇ ಕೆತ್ತಿಕೊಟ್ಟಿದ್ದೆ, ದುಡ್ಡು ಮುಟ್ಟಲಿಲ್ಲ.
ಹಳೆಯದು ಅಂಗಳದಲ್ಲೇ ಬಿದ್ದಿತ್ತು,
ಅದರ ಮೇಲೆ ನಮ್ಮ ಚಹಾ.
ಲೋಟ ಸರಿಸಿ, ಧೂಳು ಊದಿ,
ಕುಕ್ಕರಗಾಲಲ್ಲಿ ಕೂತು ನೋಡಿದ.
ಉಸ್ತಾದ್, ಮೂರು.
ನನ್ನ ಎದೆ ಝಲ್ಲೆಂದಿತು. ಲೆನ್ಸು ಸರಿಯಿಲ್ಲವೇನೋ?
ಸರಿಯಿದೆ. ಮೂರೇ ಇವೆ.
ನಾನು ಕೆತ್ತಿದ್ದು ಮೂರು.

ಅವನ ಕೈ ಕಣ್ಣಿನ ಹತ್ತಿರ ಹೋಯಿತು,
ಅರ್ಧದಲ್ಲಿ ನಿಂತಿತು,
ಲೋಟ ಎತ್ತಿಕೊಂಡಿತು.